ಬರೆಯಲು ಕಲಿಸದ ಡಿಗ್ರಿ ಯಾರ ಹಿತಕ್ಕೆ?



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ, ಯಾವ ತಾಲೂಕಿನ ತಹಶೀಲ್ದಾರ್ ಕಚೇರಿಗಾದ್ರೂ ಹೋಗಿ ನೋಡ್ರಿ. ಅರ್ಜಿ ಬರೆಸಿಕೊಳ್ಳಾಕ ನಿಂತವರಲ್ಲಿ ಸಾಲಿ ಕಲಿಯದ ಮುದುಕರಷ್ಟೇ ಇಲ್ಲ. ಬಿಎ, ಬಿಕಾಂ ಮುಗಿಸಿದ ನಮ್ಮ ಕೇರಿ ಹುಡುಗ್ರೂ ಅದಾರ. "ಅಣ್ಣಾರ, ಒಂದ್ ಅರ್ಜಿ ಬರ್ಕೊಡ್ರಿ" ಅಂತ ನನಗೂ ಫೋನ್ ಬರ್ತಾವ. ಇದು ಹುಡುಗರ ದಡ್ಡತನ ಅಲ್ಲ. ಮೂರು ವರ್ಷ ಪರೀಕ್ಷೆ ಬರೆಸಿ, ಒಂದು ಪುಟವನ್ನೂ ಸ್ವಂತ ಬರೆಸದ ವಿಶ್ವವಿದ್ಯಾಲಯದ ತಪ್ಪು.

ಪತ್ರಲೇಖನ ಪಠ್ಯದಾಗ ಇಲ್ಲವೇ ಇಲ್ಲ ಅಂತ ಅಲ್ಲ. ಇದ್ದರೂ ಅದು ಗೈಡ್ ನೋಡಿ ಬಾಯಿಪಾಠ ಮಾಡುವ ಪ್ರಶ್ನೆ. ಅದೇ ಬೆಳಗಾವಿಯ ವಿಟಿಯು ತನ್ನ 2022ರ ಸ್ಕೀಮ್‌ನಲ್ಲಿ ಇಂಜಿನಿಯರಿಂಗ್ ಮಕ್ಕಳಿಗೆ 'ಪ್ರೊಫೆಷನಲ್ ರೈಟಿಂಗ್ ಸ್ಕಿಲ್ಸ್ ಇನ್ ಇಂಗ್ಲಿಷ್' ಅಂತ ಪ್ರತ್ಯೇಕ ಪೇಪರನ್ನೇ ಇಟ್ಟಿದೆ. ಇಂಜಿನಿಯರಿಗೆ ಬೇಕಾದ್ದು ಬಿಎ ಓದುವ ಕೂಲಿಕಾರನ ಮಗಳಿಗೆ ಯಾಕ ಬ್ಯಾಡ?

ಅಪ್ಪ ಗುಮಾಸ್ತ, ಅಜ್ಜ ಕುಲಕರ್ಣಿ ಆಗಿದ್ದ ಮನೆಯ ಮಗು ಇದನ್ನು ಮನೆಯಲ್ಲೇ ಕಲಿಯುತ್ತೆ. ನಮಗೆ ಕಾಲೇಜು ಬಿಟ್ಟರೆ ಬೇರೆ ಜಾಗ ಇಲ್ಲ.

ಬರೆಯಲು ಬಾರದಿದ್ದರೆ ಕಳಕೊಳ್ಳೋದೇನು? ಆಲಮಟ್ಟಿ, ನಾರಾಯಣಪುರ ಅಣೆಕಟ್ಟುಗಳ ನೆಲದವರು ನಾವು. 1894ರ ಭೂಸ್ವಾಧೀನ ಕಾಯ್ದೆ ಪ್ರಕಾರ, ಪರಿಹಾರ ಕಡಿಮೆ ಆಯ್ತು ಅಂತ ಕೋರ್ಟಿಗೆ ಹೋಗಬೇಕಾದರೆ ಲಿಖಿತ ಅರ್ಜಿ ಬೇಕಿತ್ತು. ಆಕ್ಷೇಪಣೆ ಇಲ್ಲದೆ ಹಣ ತಗೊಂಡವನಿಗೆ ಆ ಅರ್ಜಿ ಹಾಕುವ ಹಕ್ಕೇ ಇರಲಿಲ್ಲ. 2013ರ ಹೊಸ ಕಾಯ್ದೆಯಲ್ಲೂ ಈ ನಿಯಮ ಹಾಗೇ ಇದೆ. ಆಲಮಟ್ಟಿಯನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಮಾತು ನಡೆದಿರುವಾಗ, 'ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ' ಅಂತ ಬರೆಯಲು ನಮ್ಮ ಮಕ್ಕಳಿಗೆ ಹೇಳಿಕೊಟ್ಟವರು ಯಾರು?

ದೌರ್ಜನ್ಯದ ದೂರು ತಗೊಳ್ರಿ. ಬಾಯಲ್ಲಿ ಹೇಳಿದ್ದನ್ನು ಪೊಲೀಸರು ಬರೆದುಕೊಂಡರೆ, ಸಹಿಗೆ ಮುಂಚೆ ಓದಿ ಹೇಳಬೇಕು, ಪ್ರತಿ ಕೊಡಬೇಕು. ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಂ ಇದು. ಜಾತಿ ನಿಂದನೆ ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಆಗಿತ್ತು ಎಂಬ ಒಂದು ಸಾಲು ದೂರಿನಲ್ಲಿ ಬಿಟ್ಟುಹೋದರೆ ಆ ಕಲಂ ಕೋರ್ಟಿನಲ್ಲಿ ನಿಲ್ಲೋದು ಕಷ್ಟ. ಆಗಿದ್ದು ಎಲ್ಲಿ, ಎಷ್ಟೊತ್ತಿಗೆ, ಎದುರಿಗೆ ಯಾರಿದ್ದರು ಅಂತ ಕ್ರಮವಾಗಿ ಬರೆಯೋದು ಒಂದು ವಿದ್ಯೆ. ಮಾಹಿತಿ ಹಕ್ಕಿಗೂ ಅಷ್ಟೇ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 150 ಪದದಲ್ಲಿ ನೇರ ಪ್ರಶ್ನೆ ಕೇಳೋದನ್ನ ಯಾವ ಕ್ಲಾಸಿನಾಗ ಕಲಿಸ್ಯಾರ?

ನೌಕರಿ ಸಿಕ್ಕ ಮೇಲೂ ಇದೇ ಕಥೆ. ಗುತ್ತಿಗೆ ಕಾರ್ಮಿಕನಿರಲಿ, ಆಶಾ ಕಾರ್ಯಕರ್ತೆ ಇರಲಿ, ಕೆಲಸ ಮಾಡೋದು ನಮ್ಮವರು, ವರದಿ ಬರೆಯೋದು ಮೇಲಿನವರು. ನೋಟಿಸ್ ಬಂದಾಗ ಉತ್ತರ ಬರೆಯಾಕ ಮತ್ತೊಬ್ಬರ ಮನಿ ಬಾಗಿಲು ಕಾಯಬೇಕು.

"ಸಾಹಿತ್ಯ ಬಿಟ್ಟು ಗುಮಾಸ್ತರನ್ನ ತಯಾರು ಮಾಡಬೇಕೇನು?" ಅಂತಾರ ಕೆಲ ಪ್ರಾಧ್ಯಾಪಕರು. ಸ್ವಾಮಿ, ಬಾಗೇವಾಡಿಯ ಬಸವಣ್ಣ ಬಿಜ್ಜಳನ ಭಂಡಾರದ ಲೆಕ್ಕವನ್ನೂ ನೋಡಿದವರು, ವಚನವನ್ನೂ ಬರೆದವರು. ಬಾಬಾಸಾಹೇಬರು 1919ರಲ್ಲಿ ಸೌತ್‌ಬರೋ ಸಮಿತಿ ಮುಂದೆ ಇಟ್ಟಿದ್ದು ಲಿಖಿತ ಹೇಳಿಕೆ. 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಕೂಡ ಸಂವಿಧಾನ ಸಭೆಗಾಗಿ ಬರೆದ ಮನವಿಪತ್ರವೇ. ಅರ್ಜಿ ಬರೆಯೋದು ಕೀಳು ಕೆಲಸ ಅನ್ನೋರು ಇದನ್ನ ಓದಲಿ.

"ಈಗ ಮೊಬೈಲೇ ಬರೆದುಕೊಡುತ್ತೆ" ಅನ್ನೋರೂ ಅದಾರ. ನಿಮ್ಮ ಹೊಲದ ಸರ್ವೆ ನಂಬರು, ನಿಮ್ಮ ಕೇರಿಯಲ್ಲಿ ಅವತ್ತು ಆಗಿದ್ದು ಮೊಬೈಲಿಗೆ ಗೊತ್ತಿಲ್ಲ. ಅದು ಬರೆದದ್ದು ಸರಿಯೋ ತಪ್ಪೋ ನೋಡಾಕಾದ್ರೂ ಬರವಣಿಗೆ ಗೊತ್ತಿರಬೇಕು.

ರಾಣಿ ಚನ್ನಮ್ಮ ವಿವಿ, ಅಕ್ಕಮಹಾದೇವಿ ಮಹಿಳಾ ವಿವಿ ಎರಡಕ್ಕೂ ನಮ್ಮ ಒತ್ತಾಯ ಇಷ್ಟು: ಪ್ರತಿ ಪದವಿಗೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರವಣಿಗೆಯ ಪ್ರಾಕ್ಟಿಕಲ್ ಬೇಕು. ದೂರು, ಆರ್‌ಟಿಐ, ಸಭೆಯ ನಡಾವಳಿ, ಕೆಲಸದ ವರದಿ, ನೋಟಿಸ್‌ಗೆ ಉತ್ತರ ಇವನ್ನು ಕ್ಲಾಸಿನಲ್ಲೇ ಬರೆಸಿ, ತಿದ್ದಿ, ಮತ್ತೆ ಬರೆಸಿ. ತಿದ್ದಿ ಬರೆದದ್ದಕ್ಕೆ ಅಂಕ ಕೊಡಿ.

ಅಲ್ಲಿತನಕ ನಾವು ಸುಮ್ಮನಿರೋದು ಬ್ಯಾಡ. ಗೆಳೆಯರೇ, ನಿಮ್ಮೂರಿನ ಹಾಸ್ಟೆಲ್‌ನಲ್ಲಿ ವಾರಕ್ಕೊಂದು ಸಂಜೆ ಕೂಡ್ರಿ. ಯಾರಾದ್ರೂ ಅರ್ಜಿ ಬರ್ಕೊಡು ಅಂದ್ರೆ ಪೆನ್ನು ಅವರ ಕೈಗೇ ಕೊಡ್ರಿ, ಪಕ್ಕದಾಗ ಕುಂತು ಬರೆಸ್ರಿ.

ಜೈಭೀಮ್.