ಹುಳುವಿಗಿರುವ ಬಿಡುವು ಕೈಗೇಕಿಲ್ಲ?

ಮಾಗಡಿ ಬಳಿಯ, ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಸಾವನದುರ್ಗದ ಬಂಡೆ ಹತ್ತಿ ಇಳಿದವರ ಕಾಲುನೋವು ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಅದೇ ಮಾಗಡಿ ಸೀಮೆಯ ಹಿಪ್ಪುನೇರಳೆ ತೋಟಗಳಲ್ಲಿ ದಿನವೂ ಕುಡುಗೋಲು ಹಿಡಿಯುವವರ ಮಣಿಕಟ್ಟಿನ ನೋವಿಗೆ ಅಂಥ ಗಡುವಿಲ್ಲ.

ಆ ತೋಟಗಳ ಸೊಪ್ಪು ತಿನ್ನುವ ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ರೈತರ ಬಾಯಲ್ಲಿ ಅದು ‘ಜ್ವರ’. ಜ್ವರಕ್ಕೆ ಕೂತ ಹುಳುವಿಗೆ ಯಾರೂ ಸೊಪ್ಪು ಹಾಕುವುದಿಲ್ಲ, ಅದನ್ನು ಅಲುಗಾಡಿಸುವುದೂ ಇಲ್ಲ. ನಾಲ್ಕನೇ ಜ್ವರದಿಂದ ಎದ್ದಮೇಲೆ ಅದರ ಹಸಿವು ತಡೆಯಲಾಗದು. ಹುಳು ತನ್ನ ಬದುಕಿನಲ್ಲಿ ತಿನ್ನುವ ಸೊಪ್ಪಿನ ಶೇ 80ಕ್ಕೂ ಹೆಚ್ಚು ಪಾಲು ಈ ಕೊನೆಯ ಒಂದು ವಾರದಲ್ಲೇ ಮುಗಿಯುತ್ತದೆ. ಆ ವಾರ ಮನೆಮಂದಿಗೆಲ್ಲ ತೋಟವೇ ಗತಿ. ಎಡಗೈಯಲ್ಲಿ ಕಡ್ಡಿ ಬಿಗಿಹಿಡಿದು, ಬಗ್ಗಿ, ಬಲಗೈಯಲ್ಲಿ ಎಳೆದು ಕೊಯ್ಯಬೇಕು. ಮತ್ತೊಂದು ಕಡ್ಡಿ, ಮತ್ತದೇ ಎಳೆತ. ಆಮೇಲೆ ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ಹುಳುಮನೆಗೆ ಸಾಗಿಸಬೇಕು.

ಇದೇ ಚಲನೆ ಸಾವಿರಾರು ಸಲ ನಡೆದಾಗ ಸ್ನಾಯುರಜ್ಜುಗಳು ಊದಿಕೊಂಡು, ಮಣಿಕಟ್ಟಿನ ಕಿರಿದಾದ ದಾರಿಯಲ್ಲಿ ಹಾಯುವ ನರ ಒತ್ತಿಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿಯುತ್ತವೆ. ವೈದ್ಯರು ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಅನ್ನುತ್ತಾರೆ. ಮನೆಯಲ್ಲಿ ಅನ್ನುವುದು ‘ವಾಯು’, ಇಲ್ಲವೇ ‘ವಯಸ್ಸಾಯ್ತು’.

ಅದು ವಾಯುವಲ್ಲ, ವಯಸ್ಸೂ ಅಲ್ಲ. ಕೆಲಸ ತಂದ ಕಾಯಿಲೆ.

ಕಲ್ಲು ಒಡೆಯುವವರ ಕೈ ಈ ಸತ್ಯವನ್ನು ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದೆ. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾದ ಸುಣ್ಣಕಲ್ಲು ಕೆಲಸಗಾರರನ್ನು ಪರೀಕ್ಷಿಸಿ, ಗಾಳಿಯಂತ್ರದ ಸುತ್ತಿಗೆಯ ಅದುರುವಿಕೆಯಿಂದ ಅವರ ಬೆರಳುಗಳು ಬಿಳಿಚಿಕೊಂಡು ಮರಗಟ್ಟುವುದನ್ನು ದಾಖಲಿಸಿದರು. ರಾಮನಗರದ ಗ್ರಾನೈಟ್ ಕ್ವಾರಿಗಳಲ್ಲಿ ಯಂತ್ರ ಹಿಡಿಯುವ ಕೈಗಳಿಗೂ ಅದೇ ಅಪಾಯವಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2010ರಲ್ಲಿ ಪರಿಷ್ಕರಿಸಿದ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಕಾರ್ಪಲ್ ಟನಲ್ ಸಿಂಡ್ರೋಮ್ ಇದೆ. ನಮ್ಮ 1948ರ ಕಾರ್ಖಾನೆ ಕಾಯಿದೆ ಪಟ್ಟಿಮಾಡಿದ್ದ 29 ಕಾಯಿಲೆಗಳಲ್ಲಿ ಅದಿರಲಿಲ್ಲ. ಇದ್ದಿದ್ದರೂ ಸೊಪ್ಪಿನ ತೋಟ ಕಾರ್ಖಾನೆಯಲ್ಲವಲ್ಲ!

ಕಾನೂನು ಬದಲಾಗುವವರೆಗೆ ಕೈ ಕಾಯುವುದಿಲ್ಲ. ಮೊಂಡು ಕುಡುಗೋಲು ಹೆಚ್ಚು ಬಲ ಬೇಡುತ್ತದೆ; ದಿನವೂ ಸಾಣೆ ಹಿಡಿಯಬೇಕು. ತೆಳು ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಬೆರಳಿನ ಬಿಗಿತ ತಗ್ಗುತ್ತದೆ. ಒಬ್ಬರೇ ಇಡೀ ಹೊತ್ತು ಕೊಯ್ಯದೆ, ಕೊಯ್ಯುವವರು, ಹೊರೆ ಕಟ್ಟುವವರು, ಸಾಗಿಸುವವರು ಆಗಾಗ ಕೆಲಸ ಬದಲಿಸಿಕೊಳ್ಳಬೇಕು. ತಲೆಹೊರೆಗಿಂತ ತಳ್ಳುಗಾಡಿ ಮೇಲು. ಮೆಡಿಕಲ್ ಶಾಪಿನ ನೋವಿನ ಮಾತ್ರೆ ನುಂಗಿ ಮತ್ತೆ ತೋಟಕ್ಕಿಳಿಯುವುದು ಎಲ್ಲಕ್ಕಿಂತ ಕೆಟ್ಟದ್ದು: ನೋವು ಮರೆಯಾಗುತ್ತದೆ, ನರದ ಮೇಲಿನ ಒತ್ತಡ ಹಾಗೇ ಇರುತ್ತದೆ, ದಿನಗಟ್ಟಲೆ ನುಂಗಿದರೆ ಹೊಟ್ಟೆ, ಮೂತ್ರಪಿಂಡಗಳಿಗೂ ಪೆಟ್ಟು.

ಸರ್ಕಾರದ ಪಾಲೂ ಇದೆ. ಕಡ್ಡಿ ಕತ್ತರಿಸುವ ಯಂತ್ರಗಳು ಸಣ್ಣ ರೈತರಿಗೆ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೆ ಸಿಗಬೇಕು. ಹುಳುಮನೆಗೆ ಬಂದು ಹುಳುವಿನ ರೋಗ ನೋಡುವ ರೇಷ್ಮೆ ಇಲಾಖೆಯ ಸಿಬ್ಬಂದಿ ಸೊಪ್ಪು ಕೊಯ್ಯುವ ಕೈಯನ್ನೂ ಒಮ್ಮೆ ವಿಚಾರಿಸಲಿ.

ಮನೆಯವರಿಗೆ ಒಂದು ಮಾತು. ನಡುರಾತ್ರಿ ಯಾರಾದರೂ ಎದ್ದು ಕೂತು ಕೈ ಕೊಡವಿಕೊಳ್ಳುತ್ತಿದ್ದರೆ ಅದನ್ನು ಸಣ್ಣದೆಂದು ಬಿಡಬೇಡಿ. ಮಾರನೆಯ ದಿನ ಅವರ ಕುಡುಗೋಲನ್ನು ನೀವು ಹಿಡಿಯಿರಿ, ಅವರನ್ನು ಆರೋಗ್ಯ ಕೇಂದ್ರಕ್ಕೆ ಕಳಿಸಿ.