ಹಿನ್ನೀರಿನ ದಡಕ್ಕೆ ಗಾಲಿಕುರ್ಚಿಯೂ ಬರಲಿ

ಅಣ್ಣನ ಮಗಳ ಮದುವೆ ಡಿಸೆಂಬರಿಗೆ. ಹುಡುಗ ಬೇರೆ ಜಾತಿಯವನು, ಬೇರೆ ಊರಿನವನು. ಛತ್ರ ಬೇಡ, ವಾಲಗ ಬೇಡ, ಸಾವಿರ ಎಲೆಯ ಊಟ ಬೇಡ. ಬೆಟ್ಟಗಳ ನಡುವೆ ಎಲ್ಲಾದರೂ ನೀರಿನ ದಡದಲ್ಲಿ ಇಪ್ಪತ್ತು ಜನರ ಎದುರು ಮದುವೆಯಾಗುತ್ತೇವೆ ಎಂದು ಇಬ್ಬರೂ ತೀರ್ಮಾನಿಸಿದ್ದಾರೆ. ಶಿವಮೊಗ್ಗ ರವೀಂದ್ರನಗರದ ನಮ್ಮ ಮನೆಯ ಹಿರಿಯರಲ್ಲಿ ಕೆಲವರಿಗೆ ಇದು ಓಡಿಹೋಗಿ ಮದುವೆಯಾಗುವುದಕ್ಕೆ ಸಮ ಅನ್ನಿಸಿತು. ನಾನು ಹುಡುಗಿಯ ಪರ ನಿಂತೆ. ಅವಳು ಮೊದಲೇ ಹೇಳಿದ ಮಾತು ಅದಕ್ಕೆ ಕಾರಣ: “ಅತ್ತೆ, ಜಾಗ ಎಷ್ಟೇ ಚೆನ್ನಾಗಿರ್ಲಿ, ದೊಡ್ಡತ್ತೆ ಬರಕ್ಕಾಗಲ್ಲ ಅಂದ್ರೆ ನಂಗೆ ಬೇಡ.”

ದೊಡ್ಡತ್ತೆ ಎಂದರೆ ನನ್ನ ಅಕ್ಕ, ಆ ಹುಡುಗಿಯನ್ನು ಎತ್ತಿ ಆಡಿಸಿದವಳು. ಲಕ್ವ ಹೊಡೆದ ಮೇಲೆ ಅವಳ ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಅಲ್ಲಿಂದ ಈಚೆಗೆ ನಾನು ಗಟ್ಟಿಯಾಗಿ ನಂಬಿರುವುದು ಇಷ್ಟೆ: ಚಿಕ್ಕ ಮದುವೆಗೆ ಜಾಗ ಆರಿಸುವವರು, ಕರೆದವರ ಪೈಕಿ ನಡೆಯಲು ಎಲ್ಲರಿಗಿಂತ ಕಷ್ಟಪಡುವವರು ಯಾರೋ ಅವರ ದಾರಿಯನ್ನು ಮೊದಲು ನೋಡಬೇಕು. ಇಪ್ಪತ್ತೇ ಜನ ಇರುವ ಕಡೆ ಒಬ್ಬರು ಬರಲಾಗದಿದ್ದರೆ ಆ ಮದುವೆ ಅಷ್ಟರಮಟ್ಟಿಗೆ ಅಪೂರ್ಣ.

“ಹಾಗಾದರೆ ಛತ್ರದಲ್ಲೇ ಮಾಡಿ, ಅಲ್ಲಿ ಎಲ್ಲ ಅನುಕೂಲವಿದೆ” ಎನ್ನುತ್ತಾರೆ ನೆಂಟರು. ಅಕ್ಕನನ್ನು ಛತ್ರಗಳಿಗೆ ಕರೆದುಕೊಂಡು ಹೋಗಿ ಬಲ್ಲೆ. ವೇದಿಕೆಗೆ ಮೆಟ್ಟಿಲು, ಊಟದ ಹಾಲ್ ನೆಲಮಾಳಿಗೆಯಲ್ಲಿ, ಶೌಚಾಲಯದ ಬಾಗಿಲು ಗಾಲಿಕುರ್ಚಿಗಿಂತ ಕಿರಿದು. ಒಂದು ಮದುವೆಯಲ್ಲಿ ಅವಳು ಕೆಳಗಿನಿಂದಲೇ ಅಕ್ಷತೆ ಎಸೆದು, ತಟ್ಟೆ ತರಿಸಿಕೊಂಡು ಕಂಬದ ಮರೆಯಲ್ಲಿ ಒಬ್ಬಳೇ ಉಂಡಳು. ದೊಡ್ಡ ಮದುವೆಯಲ್ಲಿ ಎಲ್ಲರಿಗೂ ಜಾಗವಿರುತ್ತದೆ ಎಂಬ ಮಾತನ್ನು ನಾನು ಅಂದಿನಿಂದ ಒಪ್ಪುವುದಿಲ್ಲ.

ಹಿರಿಯರಿಗೆ ಇನ್ನೊಂದು ನೆನಪು ಮಾಡಬೇಕು. ಸರಳ ಮದುವೆ ಪೇಟೆಯ ಹುಡುಗರು ಮೊಬೈಲ್ ನೋಡಿ ಕಲಿತದ್ದಲ್ಲ, ನಮ್ಮ ಮಲೆನಾಡೇ ಕೊಟ್ಟದ್ದು. ಕುಪ್ಪಳಿಯ ಕುವೆಂಪು ರೂಪಿಸಿದ ‘ಮಂತ್ರ ಮಾಂಗಲ್ಯ’ದಲ್ಲಿ ವರದಕ್ಷಿಣೆಗೆ, ಆಡಂಬರಕ್ಕೆ, ಮುಹೂರ್ತದ ಭಯಕ್ಕೆ ಜಾಗವಿಲ್ಲ, ವಧೂವರರು ಅರ್ಥ ತಿಳಿದು ಕನ್ನಡದಲ್ಲಿ ಪ್ರತಿಜ್ಞೆ ಮಾಡುತ್ತಾರೆ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯನ್ನು ಕುವೆಂಪು ಈ ರೀತಿಯಲ್ಲೇ ನಡೆಸಿದ್ದು, ಮೂಡಿಗೆರೆ ತಾಲ್ಲೂಕಿನ ‘ಚಿತ್ರಕೂಟ’ ತೋಟದಲ್ಲಿ. ಛತ್ರ ಬಿಟ್ಟು ತೋಟಕ್ಕೆ ಹೋದ ಆ ಮದುವೆಯನ್ನು ಇವತ್ತು ಯಾರೂ ಕದ್ದುಮುಚ್ಚಿ ಆದದ್ದು ಎನ್ನುವುದಿಲ್ಲ.

ಕಾನೂನೂ ಇದಕ್ಕೆ ಅನುಕೂಲವಾಗಿದೆ. 1954ರ ವಿಶೇಷ ವಿವಾಹ ಕಾಯ್ದೆಯ 12ನೇ ಕಲಮಿನ ಪ್ರಕಾರ ಮದುವೆ ವಿವಾಹಾಧಿಕಾರಿಯ ಕಚೇರಿಯಲ್ಲೇ ಆಗಬೇಕಿಲ್ಲ. ಕಚೇರಿಯಿಂದ ಸಮಂಜಸ ದೂರದಲ್ಲಿ ವಧೂವರರು ಕೇಳಿದ ಜಾಗದಲ್ಲಿ, ಹೆಚ್ಚುವರಿ ಶುಲ್ಕ ಕಟ್ಟಿಸಿಕೊಂಡು ನಡೆಸಬಹುದು. ವಿಧಿ ಯಾವುದೇ ಇರಲಿ, ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು, ತಮಗೆ ಅರ್ಥವಾಗುವ ಭಾಷೆಯಲ್ಲಿ, ಇಬ್ಬರೂ ಒಬ್ಬರನ್ನೊಬ್ಬರು ಸ್ವೀಕರಿಸಿದ ಮಾತು ಆಡಬೇಕು. ಮಂತ್ರ ಮಾಂಗಲ್ಯದ ಪ್ರತಿಜ್ಞೆಯ ಜೊತೆ ಈ ಮಾತನ್ನೂ ಕನ್ನಡದಲ್ಲೇ ಹೇಳಬಹುದು. ಸಪ್ತಪದಿಯಂಥ ವಿಧಿಗಳಿಲ್ಲದೆ ಮದುವೆಯಾಗಿ, ಆಮೇಲೆ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಿದರಾಯಿತು ಎಂದುಕೊಳ್ಳುವವರು ಎಚ್ಚರದಿಂದಿರಬೇಕು. ವಿಧಿಗಳು ನಡೆಯದಿದ್ದರೆ ಬರೀ ನೋಂದಣಿಯಿಂದ ಆ ಕಾಯ್ದೆಯಡಿ ಮದುವೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಮನೆಯವರ ಒಪ್ಪಿಗೆಯ ಮಾತಿಗೂ ಉತ್ತರವಿದೆ. ವಯಸ್ಕರಿಬ್ಬರು ಒಪ್ಪಿದ ಮೇಲೆ ಕುಟುಂಬದ ಸಮ್ಮತಿ ಅಗತ್ಯವಿಲ್ಲ ಎಂದು 2021ರಲ್ಲಿ ಅದೇ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು ಕರ್ನಾಟಕದ ಜೋಡಿಯೊಂದರ ಪ್ರಕರಣದಲ್ಲಿ.

ಇದೇ ಕಾಯ್ದೆ ಜಾಗದ ಆಯ್ಕೆಯನ್ನೂ ಸ್ವಲ್ಪ ಹಿಡಿತದಲ್ಲಿಡುತ್ತದೆ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿರುವ ಜಿಲ್ಲೆಯಲ್ಲೇ ನೋಟಿಸ್ ಕೊಡಬೇಕು. ಆದ್ದರಿಂದ ಚಿಕ್ಕಮಗಳೂರಿನ ಹಿರೇಕೊಳಲೆ ಕೆರೆ, ಸಖರಾಯಪಟ್ಟಣದ ಅಯ್ಯನಕೆರೆ ಎಷ್ಟೇ ಚೆಂದವಿದ್ದರೂ ಶಿವಮೊಗ್ಗದ ಅಧಿಕಾರಿಯನ್ನು ಅಲ್ಲಿಗೆ ಕರೆಯುವಂತಿಲ್ಲ. ನಮ್ಮ ಜಿಲ್ಲೆಯಲ್ಲೇ ನೋಡಿದೆವು. ತೀರ್ಥಹಳ್ಳಿ ಕಡೆಯ ಕುಂದಾದ್ರಿಯ ನೆತ್ತಿಯಲ್ಲಿ ಬಂಡೆಯ ನಡುವೆ ಕೊಳವಿದೆ. ಕಾರು ಬೆಟ್ಟ ಹತ್ತುತ್ತದೆ, ಕೊನೆಗೆ ಮೆಟ್ಟಿಲು. ಅಲ್ಲದೆ ಅದು ಬಸದಿಯ ಜಾಗ, ಅದರ ಮರ್ಯಾದೆಯೇ ಬೇರೆ. ಶರಾವತಿ ಹಿನ್ನೀರಿಗೆ 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆದ ಮೇಲೆ ಲಾಂಚಿಗೆ ಕಾಯುವ ಕಷ್ಟ ತಪ್ಪಿದೆ. ಆದರೆ ಅಷ್ಟು ದೂರ ಕೂತು ಹೋಗಿ ಅದೇ ದಿನ ಮರಳುವುದು ಅಕ್ಕನ ಬೆನ್ನಿಗೆ ಆಗದ ಮಾತು. ಭದ್ರಾ ಜಲಾಶಯ 186 ಅಡಿ ತುಂಬಿದಾಗ ಅದರ ಹಿನ್ನೀರಿನಷ್ಟು ಸೊಗಸಾದ ನೋಟ ಇನ್ನೊಂದಿಲ್ಲ. ಆದರೆ ನಾಲೆಗೆ ನೀರು ಬಿಡುತ್ತಾ ಬಂದಂತೆ ದಡ ಹಿಂದೆ ಸರಿದು, ಗಾಲಿ ಹೂತುಹೋಗುವ ಕೆಸರು ಉಳಿಯುತ್ತದೆ. ಗಾಜನೂರಿನ ತುಂಗಾ ಜಲಾಶಯ ಚಿಕ್ಕದು, ಮೂರೂಕಾಲು ಟಿಎಂಸಿಯಷ್ಟೆ. ಹಿನ್ನೀರು ತೀರ್ಥಹಳ್ಳಿ ರಸ್ತೆಯ ಪಕ್ಕದಲ್ಲೇ ಇದೆ, ಎದುರಿಗೆ ಕಾಡುಗುಡ್ಡ, ಮನೆಯಿಂದ ಅರ್ಧ ಗಂಟೆಯ ದಾರಿ, ಮೆಗ್ಗಾನ್ ಆಸ್ಪತ್ರೆಯೂ ಅಷ್ಟೇ ದೂರ. ಹತ್ತಿರದ ಸಕ್ರೆಬೈಲಿನ ಬಿಡಾರದಲ್ಲಿ ಬೆಳಗ್ಗೆ ಆನೆ ನೋಡುವವರ ಗದ್ದಲ, ಹಾಗಾಗಿ ನಮಗೆ ಮಧ್ಯಾಹ್ನದ ಮೇಲಿನ ಹೊತ್ತು ಸರಿ.

ಕೊನೆಗೆ ಒಪ್ಪಿಗೆಯಾದದ್ದು ಹಿನ್ನೀರು ಕಾಣುವ ಪರಿಚಯದವರ ತೋಟದ ಮನೆ. ಒಪ್ಪಿಸಿದ್ದು ಅವರ ಅಂಗಳ. ಅಡಿಕೆ ಒಣಗಿಸಲು ಗಾರೆ ಹಾಕಿ ಸಮ ಮಾಡಿದ ಅಂಗಳದಲ್ಲಿ ಗಾಲಿಕುರ್ಚಿ ಎಲ್ಲಿಗೆ ಬೇಕಾದರೂ ತಿರುಗುತ್ತದೆ. ಡಿಸೆಂಬರ್ ಕೊಯ್ಲಿನ ಕಾಲ, ಅಂಗಳ ಖಾಲಿ ಇರುವುದಿಲ್ಲ. ಆದರೂ ಮನೆಯ ಯಜಮಾನರು ಒಂದು ದಿನ ಬಿಟ್ಟುಕೊಡಲು ಒಪ್ಪಿದ್ದಾರೆ. ಜಗಲಿಗೆ ಅರ್ಧ ಅಡಿ ಎತ್ತರ. ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಇರಬೇಕೆಂಬ ಲೆಕ್ಕದಂತೆ ಬಡಗಿ ಆರು ಅಡಿಯ ಹಲಗೆ ಮಾಡಿಕೊಡುತ್ತಿದ್ದಾನೆ. ಕಮೋಡ್ ಕುರ್ಚಿ ಮನೆಯಿಂದಲೇ ಹೋಗುತ್ತದೆ. ವಯಸ್ಸಾದವರಿಗೆ ಕೈಯಿರುವ ಕುರ್ಚಿ, ನೆರಳಿಗೆ ಚಪ್ಪರ, ಕತ್ತಲಾಗುವ ಮುಂಚೆ ಊರಿಗೆ ವಾಪಸ್. ನೋಟಿಸ್ ಕೊಟ್ಟು 30 ದಿನ ಕಳೆಯಬೇಕು, ಮೂರು ತಿಂಗಳೊಳಗೆ ಮದುವೆ ಆಗಬೇಕು, ಇಲ್ಲವಾದರೆ ಹೊಸ ನೋಟಿಸ್. ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಗೆ ಕೊಟ್ಟರೆ ನೆಲ ಒಣಗಿ ಗಟ್ಟಿಯಾದ ಡಿಸೆಂಬರ್ ಅದರೊಳಗೇ ಸಿಗುತ್ತದೆ.

ನೀರಿನ ದಡಕ್ಕೆ ಹೋಗುವವರಿಗೆ ಒಂದು ಕರ್ತವ್ಯವೂ ಇದೆ. ಈ ಹಿನ್ನೀರುಗಳಿಗಾಗಿ ಮನೆ, ಗದ್ದೆ ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಯ ಹೊತ್ತಿಗೆ ನದಿ ರೀವಗಳು ಮೊಟ್ಟೆ ಇಡುತ್ತವೆ. ಅಂಥ ಕಡೆ ಡಿಜೆ, ಡ್ರೋನ್, ಪಟಾಕಿ, ಪ್ಲಾಸ್ಟಿಕ್ ಲೋಟ ಯಾವುದೂ ಸಲ್ಲದು. ಕಾಡಿನ ಅಂಚಿನಲ್ಲಿ ಮಾಡುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು.

ನಮಗೆ ಪರಿಚಯದವರ ಅಂಗಳ ಸಿಕ್ಕಿತು. ಎಲ್ಲರಿಗೂ ಅಂಥ ಪರಿಚಯ ಇರುವುದಿಲ್ಲ. ಮನೆಯವರ ವಿರೋಧ ಕಟ್ಟಿಕೊಂಡು ಮದುವೆಯಾಗುವ ಹುಡುಗ ಹುಡುಗಿಯರಿಗಂತೂ ಕಚೇರಿಯ ಕಾರಿಡಾರೇ ಮದುವೆಯ ಮಂಟಪ. ಗಾಜನೂರಿನಲ್ಲಿ ಒಂದು, ಭದ್ರಾ ಜಲಾಶಯದ ಬಳಿ ಭದ್ರಾವತಿ ತಾಲ್ಲೂಕಿನ ಬಿಆರ್‌ಪಿಯಲ್ಲಿ ಒಂದು, ಹೀಗೆ ಎರಡೇ ಜಾಗಗಳನ್ನು ಜಿಲ್ಲಾಡಳಿತ ಮತ್ತು ಪ್ರವಾಸೋದ್ಯಮ ಇಲಾಖೆ ಸೇರಿ ಸಿದ್ಧಮಾಡಲಿ. ವಾಹನ ನಿಲ್ಲುವಲ್ಲಿಂದ ನೀರು ಕಾಣುವವರೆಗೆ ಗಟ್ಟಿ ಕಾಲುದಾರಿ, ಇಳಿಜಾರು, ಹಿಡಿಗಂಬಿ, ಅಗಲ ಬಾಗಿಲಿನ ಶೌಚಾಲಯ, ಐವತ್ತು ಜನ ಕೂರುವ ನೆರಳು ಇಷ್ಟಿದ್ದರೆ ಸಾಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳನ್ನು ಎಲ್ಲರಿಗೂ ತೆರೆಯಲು ಕೊಟ್ಟ ಐದು ವರ್ಷದ ಗಡುವು 2022ಕ್ಕೇ ಮುಗಿದಿದೆ. ಪ್ರವಾಸಿ ತಾಣಗಳನ್ನೂ ಅದೇ ದೃಷ್ಟಿಯಿಂದ ನೋಡಬೇಕು. ಜೊತೆಗೆ ಪ್ರತಿ ವಿವಾಹಾಧಿಕಾರಿಯ ಕಚೇರಿಯಲ್ಲಿ 12ನೇ ಕಲಮಿನ ಅವಕಾಶವನ್ನೂ ಅದರ ಶುಲ್ಕವನ್ನೂ ಕನ್ನಡದಲ್ಲಿ ಬರೆದು ಹಾಕಲಿ. ಕೇಳಿದವರಿಗೆ ದಿನ ಗೊತ್ತುಮಾಡಿ ಕೊಡಲಿ.

ಮದುವೆಗೆ ಕಡಿಮೆ ಜನರನ್ನು ಕರೆಯುವುದು ಅವರವರ ಇಷ್ಟ. ಕರೆದವರಲ್ಲಿ ಒಬ್ಬರೂ ಮೆಟ್ಟಿಲಿನ ಕೆಳಗೆ ಉಳಿಯದಂತೆ ನೋಡಿಕೊಳ್ಳುವುದು ಕರೆದವರ ಹೊಣೆ, ದಾರಿ ಮಾಡಿಕೊಡುವುದು ಸರ್ಕಾರದ ಹೊಣೆ.