ಬಸ್ಸು ನಿಂತಲ್ಲಿಂದ ಮನೆಯ ಬಾಗಿಲವರೆಗೆ

ನಮ್ಮ ಚಿಕಿತ್ಸಾಲಯಕ್ಕೆ ಬರುವ ಮಧುಮೇಹಿಗಳಿಗೂ ಬೊಜ್ಜಿನಿಂದ ಬಳಲುವವರಿಗೂ ನಾವು ಬರೆದುಕೊಡುವ ಚೀಟಿಯ ಕೊನೆಯಲ್ಲಿ ‘ನಿತ್ಯವೂ ವ್ಯಾಯಾಮ’ ಎಂಬ ಸಾಲು ತಪ್ಪದೆ ಇರುತ್ತದೆ. ಮೂರೂವರೆ ದಶಕಗಳಿಂದ ಇದನ್ನು ಬರೆಯುತ್ತ ಬಂದಿದ್ದೇವೆ. ಕಷಾಯವನ್ನೂ ಮಾತ್ರೆಯನ್ನೂ ಚಾಚೂ ತಪ್ಪದೆ ಸೇವಿಸುವವರು ಈ ಸಾಲನ್ನು ಮಾತ್ರ ಪಾಲಿಸುವುದಿಲ್ಲ. ಇದಕ್ಕೆ ಸೋಮಾರಿತನವೇ ಕಾರಣವೆಂದು ನಾವು ಬಹುಕಾಲ ತಿಳಿದಿದ್ದೆವು. ಈಚೆಗೆ ಬಟ್ಟೆ ಅಂಗಡಿಯಲ್ಲಿ ದುಡಿಯುವ ಸೋದರಿಯೊಬ್ಬರು ಆಡಿದ ಮಾತು ನಮ್ಮ ಎಣಿಕೆಯನ್ನು ತಿದ್ದಿತು. “ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮಾಡಿಟ್ಟು ಹೊರಡ್ತೀನಿ, ಮನೆ ಸೇರೋದು ರಾತ್ರೀನೇ. ವಾಕಿಂಗ್ ಯಾವ ಹೊತ್ತಲ್ಲಿ ಮಾಡ್ಲಿ ಡಾಕ್ಟ್ರೇ?” ನಮ್ಮಲ್ಲಿ ಉತ್ತರವಿರಲಿಲ್ಲ.

ಅವರ ಮನೆಯಿಂದ ಬಸ್ ನಿಲ್ದಾಣಕ್ಕೆ ಸುಮಾರು ಎರಡೂವರೆ ಕಿಲೋಮೀಟರ್. ಬೆಳಿಗ್ಗೆ ಮಗ ಬೈಕಿನಲ್ಲಿ ಬಿಡುತ್ತಾನೆ, ಸಂಜೆ ಆಟೊ ಹಿಡಿಯುತ್ತಾರೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ಬಸ್ಸಿಗೆ ಅವರು ಹಣ ತೆರಬೇಕಿಲ್ಲ. ಕೈಯಿಂದ ಹಣ ಹೋಗುವುದು ಈ ಎರಡೂವರೆ ಕಿಲೋಮೀಟರಿಗೆ ಮಾತ್ರ. ದೇಹಕ್ಕೆ ದೊರೆಯಬಹುದಾಗಿದ್ದ ಶ್ರಮ ಕೈತಪ್ಪುತ್ತಿರುವುದೂ ಅಲ್ಲಿಯೇ. ಆ ದೂರವನ್ನು ಸೈಕಲ್ಲಿನಲ್ಲಿ ನಿಧಾನವಾಗಿ ಕ್ರಮಿಸಿದರೂ ಹನ್ನೆರಡು ಹದಿಮೂರು ನಿಮಿಷ ಸಾಕು. ಹೋಗಿಬರಲು ಇಪ್ಪತ್ತೈದು ನಿಮಿಷ. ವಾರದ ಆರು ದಿನಗಳಿಗೆ 150 ನಿಮಿಷ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ನಡೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇಷ್ಟನ್ನೇ.

ಆಯುರ್ವೇದವು ವ್ಯಾಯಾಮವನ್ನು ದಿನಚರಿಯ ಅಂಗವೆಂದು ಎಣಿಸಿದೆ. ಅದರಿಂದ ಶರೀರ ಹಗುರಾಗುತ್ತದೆ, ಅಗ್ನಿ ಪ್ರದೀಪ್ತವಾಗುತ್ತದೆ, ಮೇದಸ್ಸು ಕರಗುತ್ತದೆ ಎಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ತಿಳಿಸಿದ್ದಾರೆ. ಬಲದ ಅರ್ಧದಷ್ಟನ್ನೇ ವ್ಯಯಿಸಬೇಕೆಂಬ ಮಿತಿಯನ್ನೂ ಅವರೇ ಹಾಕಿದ್ದಾರೆ. ನಿಲ್ದಾಣದವರೆಗಿನ ಸಾವಧಾನದ ಸೈಕಲ್ ಸವಾರಿ ಈ ಮಿತಿಗೆ ಚೆನ್ನಾಗಿ ಒಪ್ಪುತ್ತದೆ. ದಿನಚರಿಯ ಒಳಗೇ ಬೆರೆತ ಶ್ರಮಕ್ಕೆ ಬೇರೆ ಹೊತ್ತು ಹುಡುಕಬೇಕಿಲ್ಲ.

ಸ್ವಂತ ಸೈಕಲ್ಲಿದ್ದರೆ ಸಾಲದೆ ಎಂದು ಕೇಳಬಹುದು. ಇಡೀ ದಿನ ಅದನ್ನು ನಿಲ್ದಾಣದ ಬಳಿ ಬಿಟ್ಟುಹೋದರೆ ಕಳವಿನ ಭಯ. ಬಸ್ಸಿಳಿದ ಮೇಲೆ ಅಂಗಡಿಗೋ ಕಚೇರಿಗೋ ತಲುಪಲು ಅದು ಜೊತೆಗಿರುವುದಿಲ್ಲ. ಆದುದರಿಂದಲೇ ಸಾರ್ವಜನಿಕ ಬಾಡಿಗೆ ಸೈಕಲ್ಲಿನ ವ್ಯವಸ್ಥೆ ಬೇಕಾಗುತ್ತದೆ. ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡಬಹುದು. ಮೈಸೂರಿನಲ್ಲಿ 2017ರ ಜೂನ್ 4ರಂದು ಆರಂಭವಾದ ‘ಟ್ರಿಣ್ ಟ್ರಿಣ್’ ಯೋಜನೆಯು 450 ಸೈಕಲ್ಲುಗಳು ಹಾಗೂ 48 ನಿಲುಗಡೆ ಕೇಂದ್ರಗಳೊಂದಿಗೆ ಈ ದಾರಿಯಲ್ಲಿ ಮೊದಲ ಹೆಜ್ಜೆಯಿಟ್ಟಿತು. ಅದನ್ನು ನಾವು ಮನಃಪೂರ್ವಕ ಮೆಚ್ಚುತ್ತೇವೆ. ಆದರೆ ಸೈಕಲ್ಲಿಗೆ ಅದರದೇ ಸದಸ್ಯತ್ವ. ಬಸ್ಸಿನ ಲೆಕ್ಕವೇ ಬೇರೆ. ಪ್ರಯಾಣಿಕರ ಪಾಲಿಗೆ ಒಂದೇ ಆಗಿರುವ ಪಯಣವನ್ನು ವ್ಯವಸ್ಥೆಯು ಎರಡಾಗಿ ಕಾಣುತ್ತಿದೆ. ನಮ್ಮ ತಕರಾರು ಇಷ್ಟೇ.

ನೆದರ್‌ಲ್ಯಾಂಡ್ಸ್‌ನಲ್ಲಿ ರೈಲಿಳಿದವರಿಗೆ ನಿಲ್ದಾಣದಲ್ಲಿಯೇ ‘ಓವಿ-ಫೀಟ್ಸ್’ ಎಂಬ ಬಾಡಿಗೆ ಸೈಕಲ್ಲು ದೊರೆಯುತ್ತದೆ. 2003ರಲ್ಲಿ ಆರಂಭವಾದ ಈ ಸೇವೆಯನ್ನು ಅಲ್ಲಿನ ರೈಲ್ವೆ ಸಂಸ್ಥೆಯೇ ನಡೆಸುತ್ತಿದೆ. ರೈಲಿಗೆ ಬಳಸುವ ಕಾರ್ಡೇ ಸೈಕಲ್ಲಿಗೂ ಸಲ್ಲುತ್ತದೆ. ಚೀನಾದ ಹಾಂಗ್‌ಝೌ ನಗರವು 2008ರಲ್ಲಿ ಸಾರ್ವಜನಿಕ ಸೈಕಲ್ಲುಗಳನ್ನು ತಂದಾಗ ಮೊದಲ ಒಂದು ಗಂಟೆಯನ್ನು ಉಚಿತವಾಗಿಸಿ, ಬಸ್ಸಿನ ಕಾರ್ಡನ್ನೇ ಅದಕ್ಕೂ ಅನ್ವಯಿಸಿತು. ನಮ್ಮಲ್ಲೂ ಸಾಧನಗಳ ಕೊರತೆಯಿಲ್ಲ. 2019ರಲ್ಲಿ ಚಾಲನೆ ಪಡೆದ ನ್ಯಾಷನಲ್ ಕಾಮನ್ ಮೊಬಿಲಿಟಿ ಕಾರ್ಡ್ ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ ಈಗಾಗಲೇ ಬಳಕೆಯಲ್ಲಿದೆ. ಅದನ್ನು ನಮ್ಮ ನಗರಗಳ ಬಸ್ಸಿಗೂ ಸೈಕಲ್ಲಿಗೂ ವಿಸ್ತರಿಸಬೇಕು. ಬಸ್ಸಿಳಿದವರಿಗೆ ಮೊದಲ ಅರ್ಧ ಗಂಟೆ ಸೈಕಲ್ ಉಚಿತವಾಗಿರಬೇಕು. ನಿಲುಗಡೆ ಕೇಂದ್ರಗಳು ಪ್ರವಾಸಿ ತಾಣಗಳಿಗಿಂತ ಮೊದಲು ಹೊರಬಡಾವಣೆಗಳ ಬಸ್ ನಿಲ್ದಾಣಗಳ ಪಕ್ಕದಲ್ಲಿ ಏಳಬೇಕು. ಇವು ನಮ್ಮ ಮೂರು ಬೇಡಿಕೆಗಳು.

ನಡುವಯಸ್ಸಿನ ಹೆಣ್ಣುಮಕ್ಕಳು ಸೈಕಲ್ ತುಳಿಯುತ್ತಾರೆಯೇ ಎಂದು ಕೆಲವರು ನಗಬಹುದು. 2006-07ರಿಂದ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾಯಿತು. ಅಂದು ಎರಡು ಜಡೆ ಹೆಣೆದುಕೊಂಡು ಸೈಕಲ್ಲಿನಲ್ಲಿ ಶಾಲೆಗೆ ಹೋದ ಹುಡುಗಿಯರು ಇಂದು ಮೂವತ್ತು ದಾಟಿ, ಸಕ್ಕರೆ ಪ್ರಮಾಣ ಪರೀಕ್ಷಿಸಿಕೊಳ್ಳಲು ನಮ್ಮಂಥವರ ಬಳಿಗೆ ಬರುತ್ತಿದ್ದಾರೆ. ಅವರು ಸೈಕಲ್ ಮರೆತಿಲ್ಲ. ಬೆಳಕಿಲ್ಲದ ರಸ್ತೆಗೆ, ಮೈಮೇಲೆ ಬರುವ ವಾಹನಕ್ಕೆ ಹೆದರಿದ್ದಾರೆ. ಬೀದಿದೀಪವನ್ನೂ ಪ್ರತ್ಯೇಕ ಸೈಕಲ್ ಪಥವನ್ನೂ ಒದಗಿಸದೆ ಬರಿಯ ಸೈಕಲ್ಲುಗಳನ್ನು ತಂದು ನಿಲ್ಲಿಸಿದರೆ ಅವು ತುಕ್ಕು ಹಿಡಿಯುತ್ತವೆ. ಆಮೇಲೆ ಜನ ಬಳಸಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಬೆಂಗಳೂರಿನ ಮೆಟ್ರೊ ನಿಲ್ದಾಣಗಳ ಸುತ್ತ ಈಗ ಬ್ಯಾಟರಿಯಿಂದ ಓಡುವ ಬಾಡಿಗೆ ವಾಹನಗಳು ಹೆಚ್ಚಾಗಿವೆ. ಅವು ಹೊಗೆಯನ್ನು ತಗ್ಗಿಸುತ್ತವೆ, ವೃದ್ಧರಿಗೂ ಅಶಕ್ತರಿಗೂ ಅನುಕೂಲವಾಗಿವೆ. ಆದರೆ ಕಾಲಿಗೆ ಕೆಲಸವಿಲ್ಲದ ವಾಹನವು ವ್ಯಾಯಾಮದ ಸ್ಥಾನವನ್ನು ತುಂಬಲಾರದು. ಎರಡೂ ಇರಲಿ, ತುಳಿಯುವ ಸೈಕಲ್ ಮೂಲೆಗೆ ಸರಿಯದಿರಲಿ.

ವೈದ್ಯರಾಗಿ ಒಂದು ಎಚ್ಚರಿಕೆಯ ಮಾತು. ಊಟವಾದ ಕೂಡಲೆ, ಅಜೀರ್ಣವಿರುವಾಗ, ಸುಡುಬಿಸಿಲಿನಲ್ಲಿ ಸೈಕಲ್ ತುಳಿಯಬಾರದು. ಹೃದ್ರೋಗಿಗಳೂ ತೀವ್ರ ಮಂಡಿನೋವುಳ್ಳವರೂ ತಮ್ಮ ವೈದ್ಯರನ್ನು ಕೇಳಿಯೇ ತೊಡಗಬೇಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೊರಡಬಾರದು. ಹಣೆಯಲ್ಲಿ ಬೆವರೊಡೆದು ಏದುಸಿರು ಬರತೊಡಗಿದರೆ ಅಲ್ಲಿಗೆ ನಿಲ್ಲಿಸಿ ವಿಶ್ರಮಿಸಬೇಕು.

ಬಂಧುಗಳೇ, ಚರಂಡಿ, ನೀರು, ದೀಪಗಳಿಗಾಗಿ ನಾವು ನಗರಪಾಲಿಕೆಯ ಬಾಗಿಲಿಗೆ ಹೋಗುತ್ತೇವೆ. ಮುಂದಿನ ಸಲ ಹೋದಾಗ ನಮ್ಮ ಬಡಾವಣೆಯ ಬಸ್ ನಿಲ್ದಾಣದ ಪಕ್ಕದಲ್ಲಿ ಹತ್ತು ಸೈಕಲ್ಲು ನಿಲ್ಲುವಷ್ಟು ಜಾಗವನ್ನೂ ಕೇಳೋಣ. ಆ ಸೋದರಿ ಮುಂದಿನ ತಿಂಗಳು ಮತ್ತೆ ಬರುತ್ತಾರೆ. ಚೀಟಿಯ ಕೊನೆಯ ಸಾಲನ್ನು ನಾವು ಮತ್ತೆ ಬರೆಯುತ್ತೇವೆ. ಅದನ್ನು ಪಾಲಿಸುವ ದಾರಿಯನ್ನು ಅವರಿಗೆ ಕೊಡಬೇಕಾದದ್ದು ನಾವೆಲ್ಲರೂ ಸೇರಿ.